ತುಂಬಿದ ಹಗೇವು

ಮಂಡ್ಯ, ೧೨ ಅಕ್ಟೋಬರ್ ೧೯೪೨

ಬೆಳಿಗ್ಗೆ ಕ್ಷೌರ. ಬೆಲ್ಲದ ಕಾಫಿ. ಸಕ್ಕರೆ ಊರಲ್ಲೇ ಆಗುತ್ತದೆ, ಯುದ್ಧ ತಿನ್ನುತ್ತದೆ. ಹುಡುಗರ ಸ್ಟ್ರೈಕು ಇನ್ನೂ ಮುಗಿದಿಲ್ಲ. ಖಾಲಿ ಕ್ಲಾಸಿನಲ್ಲಿ ಕೂತು ಕಿಟಕಿಯ ನೆರಳು ಬೆಂಚಿನಿಂದ ಬೆಂಚಿಗೆ ದಾಟುವುದನ್ನು ನೋಡಿದೆ. ಒಳ್ಳೆಯ ವಿದ್ಯಾರ್ಥಿ, ಸದ್ದು ಮಾಡುವುದಿಲ್ಲ.

ಹನ್ನೊಂದಕ್ಕೆ ಹೆಡ್‌ಮಾಸ್ಟರು ಕರೆದರು. ಮೇಲೆಲ್ಲೋ ಕೆರೆ ಒಡೆದು, ಹೋದ ವಾರ ಶಿಂಷಾ ಹೊಳೆ ಮದ್ದೂರಿನ ಕಡೆ ಹಳ್ಳಿಗಳಿಗೆ ನುಗ್ಗಿದೆ. ಸರ್ಕಾರ ಸಹಾಯಧನ ಕೊಡುತ್ತದಂತೆ. ಮನೆಮನೆಗೆ ಹೋಗಿ ನಷ್ಟ ಬರೆದುಕೊಳ್ಳಲು ಅಮಲ್ದಾರರ ಬಳಿ ಜನ ಸಾಲದು. “ನಿಮಗೆ ಸಂಸಾರವಿಲ್ಲ, ಇಂಗ್ಲಿಷು ಚೆನ್ನಾಗಿದೆ” ಎಂದರು.

ಎರಡೂ ನಿಜ. ಒಪ್ಪಿದೆ.

ಮದ್ದೂರು, ೧೪ ಅಕ್ಟೋಬರ್

ರೈಲು. ಆಮೇಲೆ ಇದ್ದಿಲು ಬಸ್ಸು—ದಿಬ್ಬ ಬಂದಾಗಲೆಲ್ಲ ಇಳಿದು ತಳ್ಳಬೇಕು. ಅಲ್ಲಿಂದ ನಡಿಗೆ.

ವೈದ್ಯನಾಥಪುರದ ಗುಡಿಯ ಹತ್ತಿರ ನಿಂತು ಹೊಳೆ ನೋಡಿದೆ. ಇಳಿದಿದೆ. ಕಾಲು ತೊಳೆಯುವಷ್ಟು ಸಾಧು. ಇದರಲ್ಲೇನಿದೆ ಅಂದುಕೊಂಡು ತಿರುಗಿದೆ. ದಂಡೆಯ ಮತ್ತಿಮರದಲ್ಲಿ, ಎರಡಾಳು ಎತ್ತರದಲ್ಲಿ, ಒಂದು ನೊಗ ಸಿಕ್ಕಿಕೊಂಡಿತ್ತು. ಎತ್ತಿಲ್ಲ, ನೇಗಿಲಿಲ್ಲ. ಗಾಳಿಗೆ ಹಿಂದೆ ಮುಂದೆ ಆಡುತ್ತ ಆಕಾಶ ಉಳುತ್ತಿದ್ದ ಹಾಗೆ.

ನೀರು ಅಷ್ಟೆತ್ತರ ಬಂದಿತ್ತು. ನಾನು ನಿಂತಿದ್ದ ಜಾಗ ಹೊಳೆಯ ತಳ. ತಲೆಯ ಮೇಲೆ ನೋಡಿದೆ, ಬರಿಯ ಬೆಳಕು.

೧೫ ಅಕ್ಟೋಬರ್, ಸಂಜೆ

ಕೆಂಚನಕೊಪ್ಪಲು. ಹೊಳೆಯ ಪಕ್ಕದ ಪುಟ್ಟ ಊರು. ಅರ್ಧ ನಿಂತಿದೆ, ಅರ್ಧ ಮಣ್ಣಿನ ಗುಡ್ಡೆ. ಪಟೇಲ ಹುಚ್ಚೀರಯ್ಯ ಎದುರು ಬಂದ. ಮೀಸೆಯಲ್ಲಿ ಇನ್ನೂ ಕೆಸರು.

“ಏನ್ ಮೇಷ್ಟ್ರೇ, ಇಸ್ಕೂಲಲ್ಲಿ ಐಕ್ಳು ಸಿಗ್ನಿಲ್ಲಾಂತ ನಮ್ ತಲೆ ಎಣ್ಸಕ್ ಬಂದ್ರಾ?”

ನಿಯಮ ಓದಿ ಹೇಳಿದೆ: ಮನೆ ಬಿದ್ದು, ಕೂಡಿಟ್ಟ ಧಾನ್ಯವೂ ಹೋದವರಿಗೆ ಮಾತ್ರ ದುಡ್ಡು. “ಧಾನ್ಯ ಇರೋರು?” “ಇರುವವರಿಗೆ ಕೊಡುವುದಿಲ್ಲ.” “ಸರಿ ಬುಡಿ, ಸರ್ಕಾರಕ್ಕೂ ಲೆಕ್ಕ ಬತ್ತದೆ.”

ಕೊನೆಯ ಮನೆ ಚಿಕ್ಕಬೋರಮ್ಮನದು. ವಿಧವೆ, ಐವತ್ತರ ಆಚೆ. ಒಂದು ಗೋಡೆ ಉಳಿದಿದೆ, ಅದಕ್ಕೆ ತೆಂಗಿನ ಗರಿ ಒರಗಿಸಿ ಅಡುಗೆ. ಒಲೆಯ ಮುಂದೆ ಮಗಳು ಮಲ್ಲಿಗಮ್ಮ—ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು, ಎಂಟು ತಿಂಗಳು. ಹಿತ್ತಿಲಲ್ಲಿ ಹಗೇವು: ನೆಲದೊಳಗೆ ಹೂಜಿಯಂತೆ ತೋಡಿ, ಹುಲ್ಲು ಸುತ್ತಿ, ರಾಗಿ ಹಾಕಿ, ಬಾಯಿಗೆ ಚಪ್ಪಡಿ ಮುಚ್ಚುವ ಕಣಜ.

“ರಾಗಿ ಇದೆಯೇನಮ್ಮ?”

“ಅಗೇವು ತುಂಬೈತೆ ಕಣ್ ಸ್ವಾಮಿ.”

ಸಂತೋಷವಾಯಿತು. ಇಡೀ ಊರಿನಲ್ಲಿ ಒಂದಾದರೂ ಉಳಿಯಿತಲ್ಲ. ಇಂಗ್ಲಿಷಿನಲ್ಲಿ ಬರೆದುಕೊಂಡೆ: ಕಣಜ ಪೂರ್ತಿ ಇದೆ.

ಮಂಡ್ಯ, ೧೯ ಅಕ್ಟೋಬರ್

ಪಟ್ಟಿ ಒಪ್ಪಿಸಿದೆ. ಶೀತ. ಕಷಾಯ.

೨೭ ಅಕ್ಟೋಬರ್

ಮಧ್ಯಾಹ್ನ ಬಾಗಿಲಲ್ಲಿ ಹುಚ್ಚೀರಯ್ಯ. ಚಪ್ಪಲಿ ಕೈಯಲ್ಲಿ. ಕೂರಲಿಲ್ಲ.

“ಮೇಷ್ಟ್ರೇ, ನಿಮ್ದ್ಯಾವೂರು?”

ಮೈಸೂರು ಎಂದೆ.

“ನಿಮ್ಮವ್ವ ಬದುಕವ್ರಾ?”

ಇಲ್ಲ ಎಂದೆ.

“ಬದುಕಿದ್ದಾಗ ಅಕ್ಕಿ ಮುಗುದ್ರೆ ಏನಂತಿದ್ರು?”

ಏಕೆ ಕೇಳುತ್ತಾನೆ ಎಂದು ನೋಡುತ್ತಿದ್ದೆ, ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನ ದನಿ ಬಂತು. ‘ಅಕ್ಕಿ ತುಂಬಿದೆ, ಅಂಗಡಿಗೆ ಹೋಗಿ ಬಾ.’ ಚೀಲ ಹಿಡಿದು ಓಡಿದ್ದು ನಾನೇ. ಮುಗಿಯಿತು, ಇಲ್ಲ—ಮನೆಯೊಳಗೆ ನಿಂತು ಅನ್ನಬಾರದ ಮಾತುಗಳು. ಅಂದುಬಿಟ್ಟರೆ ಮನೆ ಕೇಳಿಸಿಕೊಳ್ಳುತ್ತದೆ, ಹಾಗೇ ಆಗುತ್ತದೆ.

ಚಿಕ್ಕಬೋರಮ್ಮನ ಹಗೇವಿಗೆ ಹೊಳೆ ನುಗ್ಗಿದೆ. ಒಂದು ಹಿಡಿ ರಾಗಿ ಉಳಿದಿಲ್ಲ. ಅವಳು ಹೇಳಿದ್ದು ಅದು. ಕನ್ನಡದಲ್ಲಿ ಕೇಳಿದೆ, ಇಂಗ್ಲಿಷಿನಲ್ಲಿ ಬರೆದೆ. ನಡುವೆ ಆ ಮಾತು ಸತ್ತಿತು.

ಹಣ ಮಂಜೂರಾದವರಲ್ಲಿ ಅವಳ ಹೆಸರಿಲ್ಲ. “ಮಳವಳ್ಳಿ ಕಡೆಯಿಂದ ಬೀಗ್ರು ಬಂಡಿ ಕಟ್ಕೊಂಡ್ ಬತ್ತಾವ್ರೆ, ಮಗ್ಳುನ್ನ ಕರ್ಕೊಂಡೋಯ್ತಾರಂತೆ. ಚೊಚ್ಚಲು, ತವರಲ್ಲೇ ಆಗ್ಬೇಕು. ಇಲ್ದಿದ್ರೆ ಆ ಅವ್ಮಾನಕ್ಕೆ ಆಯಮ್ಮ ಇರಾದು ಕಷ್ಟ ಕಣ್ ಮೇಷ್ಟ್ರೇ.”

೨೮ ಅಕ್ಟೋಬರ್

ಅಮಲ್ದಾರರನ್ನು ಕಂಡೆ. ಸೌಜನ್ಯದ ಮನುಷ್ಯ. ನನ್ನ ತಪ್ಪು ಎಂದು ಹೇಳಿದೆ. ಕೇಳಿ ಕನ್ನಡಕ ಒರೆಸಿದರು.

“ನೋಡಿ ಮೇಷ್ಟ್ರೇ, ನೀವು ಬರೆದದ್ದನ್ನು ನೀವೇ ಅಳಿಸುವ ಹಾಗಿಲ್ಲ. ಎರಡನೇ ತಾರೀಖು ನಾನೇ ಅಲ್ಲಿಗೆ ಬರುತ್ತೇನೆ. ಆಕೆ ನನ್ನ ಮುಂದೆ ಒಂದು ಮಾತು ಅನ್ನಲಿ, ಧಾನ್ಯ ಇಲ್ಲ ಅಂತ. ಸಾಕು.”

ಒಂದು ಮಾತು. ಎಷ್ಟು ಸುಲಭ ಅನ್ನಿಸಿತು.

ಕೆಂಚನಕೊಪ್ಪಲು, ೩೦ ಅಕ್ಟೋಬರ್

ಸುಲಭವಲ್ಲ.

“ಇಲ್ಲ ಅನ್ನಿ. ಅಷ್ಟೇ ತಾಯಿ.”

ಚಿಕ್ಕಬೋರಮ್ಮ ನನ್ನನ್ನು ಕರುಣೆಯಿಂದ ನೋಡಿದಳು. “ಒಟ್ಟೇಲಿ ಕೂಸಿಟ್ಕೊಂಡು ಮಗ್ಳು ಒಲೆ ಮುಂದೆ ಕುಂತವ್ಳೆ. ಅವ್ಳ್ ಕಿವಿಗ್ ಬೀಳಂಗೆ ಆ ಮಾತ್ ಆಡ್ಲಾ?”

“ಹೊಳೆಯ ಕಡೆ ಬನ್ನಿ. ಅವಳಿಗೆ ಕೇಳಿಸದ ಹಾಗೆ ಹೇಳಿ.”

“ನನ್ ಕಿವಿಗ್ ಬೀಳಕಿಲ್ವಾ?”

ಮಲ್ಲಿಗಮ್ಮನ ಮಾವ ಹೊನ್ನಯ್ಯ ಬಂಡಿಯ ಮೂಕಿಯ ಮೇಲೆ ಕೂತು ಎಲೆಯಡಿಕೆ ಜಗಿಯುತ್ತಿದ್ದ. ಅವನೂ ಆ ಪದ ಬಳಸಲಿಲ್ಲ. ತೆಂಗಿನ ಗರಿ, ಮಣ್ಣಿನ ಗುಡ್ಡೆ ಎಲ್ಲದರ ಮೇಲೂ ಕಣ್ಣಾಡಿಸಿ ಹೇಳಿದ: “ಬೀಗಿತ್ತೀರೇ, ನಿಮ್ ಮನೇಲಿ ಎಲ್ಲಾ ಬೋ ತುಂಬೈತೆ. ಅದ್ಕೇಯ ಕರ್ಕೊಂಡ್ ಓಯ್ತೀನಿ ಅಂದಿದ್ದು.”

“ನಾಕ್ ದಿನ ತಡ್ಕಳಿ ಬೀಗ್ರೇ.”

“ಸರ್ಕಾರದೋರು ಬರಗಂಟ ಇರ್ತೀನಿ. ಆಮೇಲೆ ಎತ್ತು ಕಟ್ತೀನಿ. ನಿಷ್ಠುರ ಮಾಡ್ಕಬ್ಯಾಡಿ.”

ಮಲ್ಲಿಗಮ್ಮ ತಲೆ ಎತ್ತಲಿಲ್ಲ. ಒಲೆಗೆ ಕಡ್ಡಿ ನೂಕುತ್ತಿದ್ದಳು. ಮೇಲಿದ್ದ ಮಡಕೆಯಲ್ಲಿ ಬರಿಯ ನೀರು ಕುದಿಯುತ್ತಿತ್ತು. ಬಂದವರ ಮುಂದೆ ಒಲೆ ತಣ್ಣಗಿರಬಾರದು.

ಹಿಂದಿರುಗುವ ದಾರಿಯಲ್ಲಿ ತರ್ಕ ಹೂಡಿದೆ. ಮೂಢನಂಬಿಕೆ, ಶಬ್ದದ ಭಯ, ಇತ್ಯಾದಿ. ತರ್ಕ ಗಟ್ಟಿಯಾಗಿಯೇ ಇತ್ತು. ಆದರೂ ಅದು ನನ್ನ ಪಕ್ಕದಲ್ಲಿ ನಡೆಯುತ್ತಿತ್ತು, ನನ್ನೊಳಗಲ್ಲ. ಅವಳು ಮನೆ ಕಳೆದುಕೊಂಡಿದ್ದಾಳೆ, ರಾಗಿ ಕಳೆದುಕೊಂಡಿದ್ದಾಳೆ. ಒಂದು ಪದ ಉಳಿಸಿಕೊಂಡಿದ್ದಾಳೆ. ಅದನ್ನೂ ಕೊಡು ಎನ್ನುತ್ತಿದ್ದೇವೆ.

೨ ನವೆಂಬರ್

ನಿಧಾನವಾಗಿ ಬರೆಯಬೇಕು.

ಅಮಲ್ದಾರರು ಹತ್ತಕ್ಕೆ ಬಂದರು. ಅರಳಿಕಟ್ಟೆಯಲ್ಲಿ ದುಡ್ಡು ಹಂಚಿದರು. ಕೊನೆಗೆ ಚಿಕ್ಕಬೋರಮ್ಮನ ಹಿತ್ತಿಲು. ಊರೆಲ್ಲ ಹಿಂದೆ. ಹೊನ್ನಯ್ಯ ಎತ್ತುಗಳನ್ನು ಆಗಲೇ ನೊಗಕ್ಕೆ ಹೂಡಿದ್ದ.

“ಏನಮ್ಮ, ಧಾನ್ಯ ಇದೆಯೋ, ಇಲ್ಲವೋ?”

“ತುಂಬೈತೆ ಬುದ್ಧಿ.”

“ತುಂಬಿದ್ದರೆ ಸರ್ಕಾರದ ದುಡ್ಡು ಏಕೆ?”

“ಅದು ನೀವ್ ಕೊಡಾದು ಬುದ್ಧಿ. ನಾನ್ ಕೇಳ್ನಿಲ್ಲ.”

ಯಾರೋ ನಕ್ಕರು. ಅಮಲ್ದಾರರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಚಪ್ಪಡಿ ತೆಗೆಸಿ ಎಂದರು.

ಇಬ್ಬರು ಹಾರೆ ಹಾಕಿ ಎತ್ತಿದರು. ಕೆಟ್ಟ ವಾಸನೆ ಬರುತ್ತದೆಂದು ಮೂಗು ಮುಚ್ಚಿದ್ದೆ. ಬಂದದ್ದು ಶಾಖ. ನೆಲ ಉಸಿರು ಬಿಟ್ಟ ಹಾಗೆ. ಆಮೇಲೆ ಹುಳಿ, ಹೆಂಡದ ಹುಳಿ. ಅಮಲ್ದಾರರು ಬಗ್ಗಲು ಹೋದರು. ಹುಚ್ಚೀರಯ್ಯ ಅವರ ಕೋಟು ಹಿಡಿದೆಳೆದ.

“ಬಗ್ಗಬ್ಯಾಡಿ ಬುದ್ಧಿ! ಒಳಗ್ ಎಳ್ಕಬುಡ್ತದೆ. ಓದೊರ್ಸ ಪಕ್ಕದೂರಲ್ಲಿ ಇಬ್ರುನ್ನ ನುಂಗ್ತು.”

ಹಗ್ಗ ಕಟ್ಟಿ ಲಾಂದ್ರ ಇಳಿಸಿದರು. ಕುತ್ತಿಗೆ ದಾಟುತ್ತಲೇ ಜ್ವಾಲೆ ಬಾಗಿತು, ನೀಲಿಯಾಯಿತು, ಹೋಯಿತು. ಆರಿತು ಎಂದು ಯಾರೂ ಅನ್ನಲಿಲ್ಲ. “ದೀಪ ಸಾಂತ್ವಾಯ್ತು” ಎಂದ ಹುಚ್ಚೀರಯ್ಯ.

ಆಗ ಮಲ್ಲಿಗಮ್ಮ ಒಳಗಿನಿಂದ ಹಿತ್ತಾಳೆ ತಟ್ಟೆ ತಂದಳು. ಹುಣಸೆ ಹಾಕಿ ಬೆಳಗಿದ್ದು. ದೂರ ನಿಂತು, ಬಿಸಿಲನ್ನು ತಟ್ಟೆಗೆ ಹಿಡಿದು, ಹಗೇವಿನ ಬಾಯೊಳಕ್ಕೆ ತಿರುಗಿಸಿದಳು. ಕಾಲು ಅಗಲಿಸಿ, ತುಂಬು ಬಸುರಿನ ಮೇಲೆ ತಟ್ಟೆಯ ಅಂಚು ಊರಿ. ಬೆಳಕು ಒಮ್ಮೆ ನಡುಗಿತು, ನಿಂತಿತು.

ಓರೆಯಾಗಿ ನಿಂತು ನೋಡಿದೆ.

ಬಿಳಿ. ಮೊದಲು ಅದಷ್ಟೇ ಕಂಡದ್ದು. ಗೋಡೆ ಕಾಣಲಿಲ್ಲ, ಹುಲ್ಲು ಕಾಣಲಿಲ್ಲ. ಕುತ್ತಿಗೆಯಿಂದ ಕೆಳಕ್ಕೆ, ಸುತ್ತಲೂ ಮೊಳಕೆ. ನೀರಿಗೆ ನೆನೆದ ರಾಗಿ ಕತ್ತಲೆಯಲ್ಲಿ ಮೊಳೆತಿತ್ತು. ಹಸಿರಿನ ಸುಳಿವಿಲ್ಲ. ಬಿಸಿಲು ಎಂಬುದೊಂದು ಇದೆಯೆಂದು ತಿಳಿಯದ ಬಿಳಿ. ಕೂದಲಿನಷ್ಟು ತೆಳು, ಒಂದರ ಮೇಲೊಂದು, ಲೆಕ್ಕಕ್ಕೆ ಮೀರಿ, ಎಲ್ಲವೂ ಮುಚ್ಚಿದ್ದ ಚಪ್ಪಡಿಯ ಕಡೆಗೇ ಮುಖ ಮಾಡಿ. ಅವುಗಳ ಕೆಳಗೆ ಕಪ್ಪು ನೀರು. ಅಲ್ಲಿಗೆ ಬೆಳಕು ಮುಟ್ಟಲಿಲ್ಲ.

ತಿನ್ನಲು ಒಂದು ಕಾಳಿಲ್ಲ. ಇಷ್ಟು ತುಂಬಿದ್ದನ್ನು ನನ್ನ ನಲವತ್ತೇಳು ವರ್ಷಗಳಲ್ಲಿ ನೋಡಿಲ್ಲ.

ಯಾರೋ ಕೈ ಮುಗಿದರು. ಅಮಲ್ದಾರರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಬರೆದವರು ನೀವು. ಈಗ ನೋಡಿದಿರಿ. ನೀವೇ ಹೇಳಿ, ಆಕೆಯ ಮಾತು ಬೇಡ. ಇದೆಯೋ, ಇಲ್ಲವೋ?”

ದಾರಿ ಸಿಕ್ಕಿತು. ಇಲ್ಲ ಸಾರ್ ಎಂದರೆ ಮುಗಿಯಿತು. ನಾನು ಈ ಮನೆಯವನಲ್ಲ, ನನಗೆ ಯಾವ ಭಯವೂ ಇಲ್ಲ. ಬಾಯಿ ತೆರೆದೆ. ತಟ್ಟೆ ಹಿಡಿದ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಬೇಡುವ ನೋಟವಲ್ಲ. ಮಳೆ ಬರುತ್ತದೋ ಎಂದು ಆಕಾಶ ನೋಡುತ್ತಾರಲ್ಲ, ಹಾಗೆ.

“ತುಂಬಿದೆ ಸಾರ್” ಎಂದೆ.

ನನ್ನ ದನಿಯೇ. ಕೇಳಿ ನಾನೂ ಬೆಚ್ಚಿದೆ.

ಅಮಲ್ದಾರರು ನನ್ನನ್ನು ನೋಡಿದರು, ಹುಡುಗಿಯನ್ನು ನೋಡಿದರು. “ಪೂರ್ತಿ?”

“ಪೂರ್ತಿ.”

ಪೆನ್ನು ತೆಗೆದು, ನಾನು ಬರೆದಿದ್ದನ್ನು ಹೊಡೆದುಹಾಕಿ, ಸಹಿ ಮಾಡಿದರು. “ಈಕೆಗೆ ಕೊಡಿ.”

“ಮೇಷ್ಟ್ರು ಕನ್ನಡ ಕಲ್ತ್ರು ಕಣ್ರಲಾ!” ಎಂದು ಹುಚ್ಚೀರಯ್ಯ ಕೂಗಿದ. ಎಲ್ಲರಿಗೂ ಉಸಿರು ಬಂತು.

ಚಿಕ್ಕಬೋರಮ್ಮ ಕೈ ಒರೆಸಿಕೊಂಡು ಸೆರಗೊಡ್ಡಿ ದುಡ್ಡು ತೆಗೆದುಕೊಂಡಳು. ಎಣಿಸಲಿಲ್ಲ. ಗಂಟು ಹಾಕಿಕೊಂಡು, ಸರ್ಕಾರವನ್ನೇ ನೋಡುವಂತೆ ಅಮಲ್ದಾರರನ್ನು ನೋಡಿ, “ಉಂಡ್ಕಂಡ್ ಓಗಿ ಬುದ್ಧಿ. ಒತ್ತಾಗದೆ” ಎಂದಳು.

ಅಮಲ್ದಾರರು ಗಾಬರಿಯಾದರು. ಇನ್ನೊಂದು ದಿನ ಎಂದು ತೊದಲಿ ತಮ್ಮ ಜಟಕಾ ನಿಂತಿರದ ದಿಕ್ಕಿಗೆ ಎರಡು ಹೆಜ್ಜೆ ನಡೆದರು.

ಹೊನ್ನಯ್ಯ ಎತ್ತುಗಳ ಕೊರಳು ಬಿಚ್ಚುತ್ತಿದ್ದ. “ಏನ್ ನೋಡ್ತಿದ್ದೀಯಲಾ ಪಟೇಲ? ಬಿದ್ರು ಎಲ್ ಸಿಗ್ತದೆ ಏಳು. ಸೂರ್ ಎತ್ತಿಕೊಟ್ಟೇ ಓಯ್ತೀನಿ. ಉಟ್ಟಾದು ನಮ್ಮನೆ ಕೂಸಲ್ವಾ?”

ಮಂಡ್ಯ, ೯ ನವೆಂಬರ್

ಶಾಲೆ ತೆರೆಯಿತು. ಆರನೇ ಕ್ಲಾಸಿಗೆ ಭಾಷಾಂತರ. ಒಂದು ವಾಕ್ಯ ಕೊಟ್ಟೆ, ಅರ್ಧಕ್ಕೇ ನಿಲ್ಲಿಸಿದೆ. ಹುಡುಗರು ಕಾದರು. ನಾನೂ ಕಾದೆ.

ಕೆಂಚನಕೊಪ್ಪಲು, ೨೧ ನವೆಂಬರ್, ಶನಿವಾರ, ಮಧ್ಯಾಹ್ನ

ಏಕೆ ಬಂದೆ ಎಂದು ಕೇಳಿಕೊಂಡಿಲ್ಲ. ಸೂರು ಎದ್ದಿದೆ. ಹೊಸ ಬಿದಿರು, ಹೊಸ ಹುಲ್ಲು. ಬಾಗಿಲಿಗೆ ಕಂಬಳಿ ಇಳಿಬಿಟ್ಟಿದ್ದಾರೆ. ಗಂಡಸರೆಲ್ಲ ದೂರ. ಬೆಳಗಿನಿಂದ ನೋವಂತೆ.

ಹೊರಟು ಹೋಗೋಣ ಎನ್ನುವಷ್ಟರಲ್ಲಿ ಸೂಲಗಿತ್ತಿ ಬೆಟ್ಟಮ್ಮ ಕಂಬಳಿ ಸರಿಸಿ ಇಣುಕಿದಳು.

“ಮೇಷ್ಟ್ರೇ, ಕೈಗಡಿಯಾರ ಓಡ್ತದಾ, ಸೋಕಿಗ್ ಕಟ್ಟಿದ್ದೀರಾ?”

ಓಡುತ್ತದೆ ಎಂದೆ.

“ಕುಂತ್ಕಳಿ ಅಂಗಾರೆ. ಕೂಸು ಕೂಗಿದ್ ತಕ್ಸಣ ಗಳ್ಗೆ ಬರ್ಕಬೇಕು. ಕಣ್ಣು ಅತ್ತಿತ್ತ ಓಗ್ಬಾರ್ದು!”

ಜಗಲಿಯ ಮೇಲೆ ಕೂತಿದ್ದೇನೆ. ಗಡಿಯಾರ ಮಂಡಿಯ ಮೇಲೆ. ಒಳಗೆ ಚಿಕ್ಕಬೋರಮ್ಮ ಯಾವುದೋ ದೇವರನ್ನು ಬೈಯುತ್ತಿದ್ದಾಳೆ, ಹಿಂದೆಯೇ ಮುದ್ದು ಮಾಡುತ್ತಿದ್ದಾಳೆ. ಮಲ್ಲಿಗಮ್ಮನ ದನಿ ಹುಡುಗಿಯದಲ್ಲ ಈಗ, ಎಲ್ಲಿಂದಲೋ ಬರುವ ನೀರಿನದು. ಹೊನ್ನಯ್ಯ ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದಾನೆ, ಬಾಯಿಗೆ ಹಾಕುತ್ತಿಲ್ಲ. ನಿಮಿಷದ ಮುಳ್ಳು ಇಷ್ಟು ದೊಡ್ಡದೆಂದು ತಿಳಿದಿರಲಿಲ್ಲ.

ಎಲ್ಲ ನಿಂತಿತು. ದನಿಯಿಲ್ಲ. ಕಂಬಳಿಯೂ ಅಲುಗುತ್ತಿಲ್ಲ. ಈಗ—

ಕೂಗು. ಸಣ್ಣದು, ಸಿಟ್ಟಿನದು. ಮೂರು ಗಂಟೆ ಹನ್ನೊಂದು ನಿಮಿಷ.