ಬೀಳುವುದಕ್ಕೆ ಹೊಲಿದ ಅಂಗಿ

ಭಾನುವಾರ, ಮಧ್ಯಾಹ್ನ

ಲೇ ಇವಳೇ,

ಮಹನೀಯರೇ, ಮಹಿಳೆಯರೇ, ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತ ದೊಡ್ಡವರೇ, ಕಂಬಕ್ಕೆ ಒರಗಿ ನಿಂತೇ ನೋಡುವ ಬಡಪಾಯಿಗಳೇ! ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿ. ಪರದೆ ಏಳುತ್ತಿದೆ. ಇಂದಿನ ಆಟದಲ್ಲಿ ಬರುವುದು ಒಂದು ಅಂಗಡಿ, ಒಂದು ಅಂಗಿ, ಅದನ್ನು ಕೊಳ್ಳಲು ಹೋದ ಒಬ್ಬ ಹಳೇ ವೇಷಗಾರ.

‘ಮನೇಲಿರೋದು ನಾವಿಬ್ರು. ಮಹನೀಯರೇ ಅಂತ ಯಾರನ್ನ ಕರೀತೀರ್ರೀ?’ ಎಂದು ಇಪ್ಪತ್ತಾರು ವರ್ಷ ಕೇಳಿದವಳು ನೀನು. ಈಗ ಇರುವುದು ನಾನೊಬ್ಬನೇ. ಆದರೂ ಕರೆಯದೆ ನನಗೆ ಬಾಯಿ ತೆರೆಯಲು ಬರುವುದಿಲ್ಲ. ಸಭೆಯಲ್ಲಿ ಹೊಲಿಗೆ ಯಂತ್ರವಿದೆ, ಎರಡು ಕುರ್ಚಿಗಳಿವೆ, ಬಾಗಿಲ ಹಿಂದೆ ನಿನ್ನ ಹೆಲ್ಮೆಟ್ ತೂಗುತ್ತಿದ್ದ ಮೊಳೆ ಇದೆ. ಆ ಮೊಳೆಗೆ ಬೇರೆ ಏನನ್ನೂ ತೂಗುಹಾಕಿಲ್ಲ. ಒಮ್ಮೆ ಛತ್ರಿ ಹಾಕಿ ನೋಡಿದೆ, ಹೊಂದಲಿಲ್ಲ, ತೆಗೆದೆ. ಸಂಜೆ ಆರಕ್ಕೆ ಪಕ್ಕದ ಮನೆಯವರ ಬೈಕು ಬಂದು ನಿಂತರೆ ಇವತ್ತಿಗೂ ಎದ್ದುಹೋಗಿ ಕಾಫಿಗೆ ನೀರಿಡುತ್ತೇನೆ. ಕುದಿಯುವ ಹೊತ್ತಿಗೆ ಬುದ್ಧಿ ಬರುತ್ತದೆ. ಎರಡು ಲೋಟದ ಕಾಫಿಯನ್ನೂ ನಾನೇ ಕುಡಿಯುತ್ತೇನೆ.

ಇರಲಿ. ಚಳಿಗಾಲ ಹತ್ತಿರ ಬಂತಲ್ಲ, ನೀನಿರುವ ಊರಿನಲ್ಲಿ ಬೆಳಗಿನ ರಸ್ತೆ ಕೊರೆಯುತ್ತದಂತೆ. ಅದಕ್ಕೇ ನಿನಗೊಂದು ಬೈಕ್ ಜಾಕೆಟ್ ತೆಗೆದುಕೊಳ್ಳೋಣವೆಂದು ಶುಕ್ರವಾರ ಹೊರಟೆ. ಕಾರಣ ಇಷ್ಟೇ, ಬೇರೇನೂ ಇಲ್ಲ.

ಅಂಗಡಿಯೊಳಗೆ ಹೊಸ ರಬ್ಬರಿನ ವಾಸನೆ. ಗೋಡೆ ತುಂಬ ಹೆಲ್ಮೆಟ್ಟು, ಯುದ್ಧದ ಕೊನೆಯ ದೃಶ್ಯದಲ್ಲಿ ತಲೆಗಳಷ್ಟೇ ಉಳಿದ ಹಾಗೆ. ಅಂಗಡಿಯಾಕೆ ನಿನ್ನ ವಯಸ್ಸಿನವಳು, ಒಂದು ಮಂಡಿ ಮಡಚದೆ ನಡೆಯುತ್ತಾಳೆ. ನನ್ನ ಕಣ್ಣು ಎಲ್ಲಿಗೆ ಹೋಯಿತೆಂದು ನಿನಗೆ ಹೇಳಬೇಕೇ? ಕಪ್ಪು ಜಾಕೆಟ್ಟು, ಭುಜದ ಮೇಲೆ ಗಟ್ಟಿ ಚಿಪ್ಪು, ಎದೆಯ ಮೇಲೆ ಏಣು, ಬೆನ್ನಿನಲ್ಲೊಂದು ಗೂನು. ಹಾಕಿಕೊಂಡು ನಿಂತರೆ ಸಂಭಾಷಣೆಯೇ ಬೇಡ, ಸೇನೆ ತಾನಾಗಿ ಹಿಂದೆ ಸರಿಯಬೇಕು. ಇದೇ ಇರಲಿ ಎಂದೆ. ಯಾರಿಗೆ ಎಂದು ಕೇಳಿದಳು. ನನ್ನ ಹೆಂಡತಿ ನರ್ಸು, ಬೈಕಿನಲ್ಲಿ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯಕ್ಕೆ ಬಟ್ಟೆ ಕಟ್ಟಿ ಬರುತ್ತಾಳೆ ಎಂದೆ. ಹಾಗಾದರೆ ಇದು ಬೇಡ, ಇದನ್ನು ನೋಡಿದರೆ ಕಾಯಿಲೆಯವರಿಗೆ ಇನ್ನೊಂದು ಕಾಯಿಲೆ ಬರುತ್ತೆ ಎಂದಳು.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ನೀನೂ ಇಂಥದ್ದೇ ಒಂದು ಕೊಂಡಿದ್ದೆ. ನೀನು ಗಾಯ ಕಟ್ಟಲು ಹೋಗುತ್ತಿದ್ದ ಆ ಮೂಲೆಮನೆ ಅಜ್ಜಿ ನಿನ್ನನ್ನು ಬಾಗಿಲಲ್ಲಿ ಕಂಡು, ಮನೆಯೊಳಗೆ ದೊಡ್ಡ ಜೀರುಂಡೆ ಬಂತೆಂದು ಹೊದಿಕೆ ಮುಖಕ್ಕೆಳೆದುಕೊಂಡು ಕೂಗಿದ್ದಳು. ನೀನು ಅದನ್ನು ವಾಪಸ್ ಕೊಟ್ಟು ಬಂದೆ. ಮನೆಯೊಳಗೆ ಕಾಲಿಡುವಾಗ ಮನುಷ್ಯರ ಬಟ್ಟೆಯ ಹಾಗೆ ಕಾಣಬೇಕು, ರಸ್ತೆಯಲ್ಲಿ ಮೈ ಕಾಯಬೇಕು, ಅಂಥದ್ದು ಎಲ್ಲಿ ಸಿಗುತ್ತದೋ ಎಂದು ಊಟಕ್ಕೆ ಕೂತಾಗ ಹೇಳಿದ್ದೆ. ನಾನು ಎದೆ ತಟ್ಟಿ, ಈ ಕೈ ಹೊಲಿಯದ ವೇಷ ಮೂರು ಲೋಕದಲ್ಲಿಲ್ಲ ಎಂದಿದ್ದೆ.

ಅಂಗಡಿಯಾಕೆ ಒಳಗಿನಿಂದ ಒಂದು ಅಂಗಿ ತಂದಳು. ಬೂದು ನೀಲಿ, ದಪ್ಪ ಬಟ್ಟೆ, ಮುಂದೆ ಗುಂಡಿ. ಶಾಲೆ ಮೇಷ್ಟರು ರಜೆಯ ದಿನ ಹಾಕಿಕೊಳ್ಳುವಂಥದ್ದು. ಇದರಲ್ಲಿ ಕಳೆಯೇ ಇಲ್ಲವಲ್ಲಮ್ಮ ಎಂದೆ. ಅವಳು ಅದರ ಒಳಮೈ ಹೊರಗೆ ತಿರುಗಿಸಿದಳು. ನಮ್ಮ ನಾಟಕ ಕಂಪನಿಯಲ್ಲಿ ಯಾರೂ ಒಳಮೈ ತೋರಿಸುವುದಿಲ್ಲ ಕಣೇ. ಹೊರಗೆ ಚಿನ್ನದ ಕವಚ, ಒಳಗೆ ಹಳೇ ಪೇಪರು, ಅಂಟು, ಹರಕು ಬನೀನು. ಇಲ್ಲಿ ಎಲ್ಲ ತಿರುಗುಮುರುಗು. ಒಳಗಡೆ ಹಳದಿ ದಾರದ ಬಿಗಿ ನೇಯ್ಗೆಯ ಅಸ್ತರು. ಒಂದೊಂದು ಜೋಡಣೆಗೂ ಮೂರು ಸಾಲು ಹೊಲಿಗೆ. ಭುಜಕ್ಕೆ, ಬೆನ್ನಿಗೆ, ಮೊಣಕೈಗೆ ಒಂದೊಂದು ಚೀಲ, ಅದರೊಳಗೆ ಮೇಣದ ಹಾಗೆ ಬಾಗುವ ಪ್ಯಾಡು. ಬೆರಳಿಂದ ಒತ್ತಿದರೆ ಮೆತ್ತಗೆ ತಗ್ಗುತ್ತದೆ, ಅವಳು ಕೊಟ್ಟ ಸುತ್ತಿಗೆಯಲ್ಲಿ ಹೊಡೆದರೆ ಆ ಕ್ಷಣಕ್ಕೆ ಕಲ್ಲು. ನಾನು ಸುತ್ತಿಗೆ ಎತ್ತಿದ ರೀತಿ ಕಂಡೇ ಅವಳು ಈ ಮಾತು ಹೇಳಿರಬೇಕು.

‘ಯಜಮಾನ್ರೇ, ಇದು ಯುದ್ಧಕ್ಕಲ್ಲ, ಬೀಳೋದಕ್ಕೆ. ಬಿದ್ದಾಗ ಹೊಲಿಗೆ ಬಿಡಬಾರದು. ಅಷ್ಟೇ ಇದರ ಕೆಲಸ.’

ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ತಲೆ ಸುತ್ತಿತೆಂದುಕೊಂಡು ಅವಳು ನೀರು ತಂದುಕೊಟ್ಟಳು.

ಆಮೇಲೆ ಸುಧಾರಿಸಿಕೊಂಡೆ. ನಿಂತು ನೋಡಿ ಕೊಳ್ಳುವ ಬಟ್ಟೆಯಲ್ಲವಂತೆ ಇದು. ಹಾಕಿಕೊಂಡು ಬೈಕಿನ ಮೇಲೆ ಕೂತು, ಹ್ಯಾಂಡಲ್ ಹಿಡಿದು ನೋಡಬೇಕು. ಕೈ ಮುಂದೆ ಚಾಚಿದಾಗ ತೋಳು ಮಣಿಕಟ್ಟಿನಿಂದ ಮೇಲೇರಬಾರದು, ಬೆನ್ನು ಬಾಗಿದಾಗ ಸೊಂಟ ಕಾಣಬಾರದು, ಮೊಣಕೈಯ ಪ್ಯಾಡು ಮೊಣಕೈ ಮೇಲೆಯೇ ನಿಲ್ಲಬೇಕು. ಸಡಿಲವಾದರೆ ಅದು ಪಕ್ಕಕ್ಕೆ ಸರಿದು ಗಾಳಿಯನ್ನು ಕಾಯುತ್ತದೆ. ನೀನಿಲ್ಲವಲ್ಲ, ನಾನೇ ಹಾಕಿಕೊಂಡೆ. ನಿನ್ನ ಅಳತೆಯ ಅಂಗಿ ನನ್ನ ಹೊಟ್ಟೆಯ ಹತ್ತಿರ ಬಂದು ಗುಂಡಿ ಬಿಟ್ಟುಕೊಟ್ಟಿತು. ಆದರೂ ಅಂಗಡಿಯ ಬೈಕನ್ನೇರಿ ಗದ್ದ ಎತ್ತಿ ಕೂತೆ. ಹೆಲ್ಮೆಟ್ ನೋಡುತ್ತಿದ್ದ ಗಂಡಹೆಂಡತಿ ಚಪ್ಪಾಳೆ ತಟ್ಟಿದರು. ಕೂತಲ್ಲಿಂದಲೇ ತಲೆ ಬಾಗಿಸಿದೆ. ಜತೆಗೆ ಅದೇ ಅಸ್ತರಿನ ಜೀನ್ಸ್ ಪ್ಯಾಂಟೂ ಆರಿಸಿದೆ, ಮಂಡಿಗೆ ಪ್ಯಾಡು ಇರುವಂಥದ್ದು. ಹೊರಗಿಂದ ನೋಡಿದರೆ ಬರೀ ಪ್ಯಾಂಟು.

ಕೊನೆಗೆ ನಿನ್ನ ಸರಿಯಾದ ಅಳತೆ ಕೇಳಿದಳು. ನಿನ್ನ ಭುಜ, ಬೆನ್ನು, ತೋಳು ಎಲ್ಲ ಟೇಪು ಮುಟ್ಟದೆ ಗಡಗಡ ಹೇಳಿದೆ. ಎಂಟು ತಿಂಗಳ ಹಿಂದೆ ಬೈಕಿನಿಂದ ಬಿದ್ದು ಬಲ ಮೊಣಕೈ ಮುರಿದಿತ್ತು ಎಂದೂ ಸೇರಿಸಿದೆ. ಪ್ಲಾಸ್ಟರು ಬಿಚ್ಚಿದ ಮೇಲೆ ತೋಳು ಸೊರಗಿರುತ್ತೆ, ಈಗ ತುಂಬಿಕೊಂಡಿದೆಯಾ, ಎರಡೂ ಕೈ ಒಂದೇ ಸಮ ಇದೆಯಾ ಎಂದು ಕೇಳಿದಳು.

ಮಹನೀಯರೇ, ಆರು ನೂರು ಆಟದಲ್ಲಿ ಒಂದು ಮಾತೂ ತಪ್ಪದ ನಾನು ಅಲ್ಲಿ ಮಾತು ಮರೆತು ನಿಂತೆ. ಗೊತ್ತಿರಲಿಲ್ಲ.

ಪರದೆ ಇಳಿಸುತ್ತಿದ್ದೇನೆ. ದೊಡ್ಡವರೂ ಬಡಪಾಯಿಗಳೂ ಎದ್ದು ಹೊರಡಿ. ಇನ್ನು ಮುಂದಿನದು ಇವಳಿಗೆ ಮಾತ್ರ.

ಚಳಿಗೂ ಈ ಅಂಗಿಗೂ ಸಂಬಂಧವಿಲ್ಲ ಕಣೇ.

ಹೋದ ಸೋಮವಾರ ಕಂಪನಿಯ ಯಜಮಾನರು ಆ ರಾಕ್ಷಸರಾಜನ ನಾಟಕವನ್ನು ಮತ್ತೆ ಆಡಿಸೋಣ ಎಂದರು. ನಾಲ್ಕು ವರ್ಷದಿಂದ ಆಡಿಲ್ಲದ್ದು. ಅದರ ವೇಷಗಳ ಪೆಟ್ಟಿಗೆ ನಮ್ಮ ಹಿಂದಿನ ಕೋಣೆಯಲ್ಲೇ ಇತ್ತಲ್ಲ, ತೆರೆದೆ. ತಳದಲ್ಲಿ, ಕಿರೀಟದ ಕೆಳಗೆ, ಆಸ್ಪತ್ರೆಯ ಒಂದು ಚೀಲ. ಚೀಲದ ಮೇಲೆ ನೀನು ಮಲಗಿದ್ದ ವಾರ್ಡಿನ ನಂಬರು, ಮಂಚದ ನಂಬರು. ಒಳಗೆ ಅಂದು ನಾನು ನಿನಗೆ ಹೊಲಿದು ಕೊಟ್ಟ ಜಾಕೆಟ್ಟು. ಬಲತೋಳು ಭುಜದಿಂದ ಮೊಣಕೈವರೆಗೆ ಬಾಯಿ ಬಿಟ್ಟಿದೆ. ಅಸ್ತರಿನಲ್ಲಿ ಇನ್ನೂ ರಸ್ತೆಯ ಮರಳು ಇದೆ.

ಬಟ್ಟೆ ಹರಿದಿಲ್ಲ, ಹೊಲಿಗೆ ಬಿಟ್ಟಿದೆ. ರಂಗದ ಮೇಲೆ ರಾಜ ಭಿಕ್ಷುಕನಾಗಲು ನಮಗೆ ಸಿಗುವುದು ನಾಲ್ಕು ಸಾಲು ಹಾಡಿನಷ್ಟು ಹೊತ್ತು. ಅದಕ್ಕೇ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಲಿ ಎಂದು ತೋಳಿಗೆ ಸಡಿಲ ಹೊಲಿಗೆ ಹಾಕುತ್ತೇವೆ. ಮೂವತ್ತು ವರ್ಷ ಪಳಗಿದ ಕೈ ನಿನ್ನ ಜಾಕೆಟ್ಟಿಗೂ ಅದನ್ನೇ ಹಾಕಿದೆ. ಮೊಣಕೈಯಲ್ಲಿಟ್ಟದ್ದು ರಾಜನ ಎದೆ ಉಬ್ಬಿಸುವ ಸ್ಪಂಜು. ತೊಗಲೆಂದು ಎಲ್ಲರೂ ಹೊಗಳಿದ್ದು ರೆಕ್ಸಿನ್. ರಸ್ತೆ ಒಂದೇ ಸಲ ಎಳೆಯಿತು, ತೋಳು ಬಿಚ್ಚಿಕೊಂಡಿತು.

ಆ ದಿನ ನಾನು ಅರ್ಧ ಬಣ್ಣದಲ್ಲೇ ವಾರ್ಡಿಗೆ ಓಡಿಬಂದೆ. ನಿನ್ನ ಮೈಮೇಲೆ ಜಾಕೆಟ್ಟು ಕಾಣಲಿಲ್ಲ, ಹದಿನೆಂಟು ಮಂಚಕ್ಕೂ ಕೇಳುವ ಹಾಗೆ ಕೂಗಿದೆ: ‘ನಾನು ಹೊಲಿದದ್ದನ್ನ ಹಾಕ್ಕೊಂಡಿದ್ರೆ ಈ ಗತಿ ಬರ್ತಿತ್ತಾ?’ ನೀನು ಗೋಡೆ ಕಡೆ ಮುಖ ತಿರುಗಿಸಿ, ಕೆಲಸದ ಜಾಗದಲ್ಲೇ ಬಿಟ್ಟು ಬಂದಿದ್ದೆ ಅಂದೆ. ಆಗ ಈ ಚೀಲ ಎಲ್ಲಿತ್ತು? ಮಂಚದ ಕೆಳಗೆ, ನನ್ನ ಕಾಲಿನ ಹತ್ತಿರವೇ ಇದ್ದಿರಬೇಕು.

ಆಮೇಲೆ ಅದೇ ನನ್ನ ಸಂಭಾಷಣೆಯಾಯಿತು. ನೋಡಲು ಬಂದವರಿಗೆಲ್ಲ ಹೇಳಿದೆ. ಕಂಪನಿಯ ಇಪ್ಪತ್ತೆರಡು ಜನಕ್ಕೂ ಹೇಳಿದೆ. ಹೊಲಿದು ಕೊಟ್ಟೆ, ಹಾಕ್ಕೊಳ್ಳಲಿಲ್ಲ. ಹೇಳುತ್ತ ಹೇಳುತ್ತ ಅದಕ್ಕೆ ಏರಿಳಿತ ಬಂತು, ನಡುವೆ ನಿಟ್ಟುಸಿರೂ ಬಂತು. ನೀನು ಒಳಗಿನ ಕೋಣೆಯಲ್ಲಿ ಕೇಳುತ್ತಿದ್ದೆ. ಪ್ಲಾಸ್ಟರು ಬಿಚ್ಚಿದ ಮೇಲೆ ನಿನ್ನ ಅಕ್ಕನ ಊರಿಗೆ ವರ್ಗ ಮಾಡಿಸಿಕೊಂಡೆ, ಅಲ್ಲಿ ರಸ್ತೆ ಸಲೀಸು ಅಂದೆ. ನಾನು ಅದನ್ನು ಜಂಬ ಎಂದುಕೊಂಡೆ. ಆ ಸಂಭಾಷಣೆ ದಿನಾ ಕೇಳುತ್ತ ಈ ಮನೆಯಲ್ಲಿ ಯಾರು ತಾನೇ ಇದ್ದಾರು.

ಇನ್ನೊಂದು ಕಂಡೆ. ಬಿಟ್ಟ ತೋಳಿನಲ್ಲಿ ಏಳು ಹೊಲಿಗೆಗಳಿವೆ. ಸೊಟ್ಟ, ಒಂದು ಉದ್ದ, ಒಂದು ಗಿಡ್ಡ. ಎಡಗೈಯವು. ನಾನು ಆಟಕ್ಕೆ ಹೋದ ಹೊತ್ತಿನಲ್ಲಿ, ಬಲಗೈ ಪ್ಲಾಸ್ಟರಿನಲ್ಲಿರುವಾಗ, ನನಗೆ ಗೊತ್ತಾಗಬಾರದೆಂದು ನೀನು ಅದನ್ನು ಮುಚ್ಚಲು ಕೂತಿದ್ದೆ. ಎಂಟನೆಯದಕ್ಕೆ ಸೂಜಿ ಮುರಿದಿದೆ. ತುಂಡು ಇನ್ನೂ ಬಟ್ಟೆಯಲ್ಲೇ ಇದೆ. ನಾನು ತೆಗೆದಿಲ್ಲ.

ತಪ್ಪಾಯಿತು ಕಣೇ. ಇದಕ್ಕೆ ಯಾವ ಏರಿಳಿತವೂ ಇಲ್ಲದೆ ಬರೆದಿದ್ದೇನೆ, ಹಾಗೇ ಓದಿಕೋ.

ವಾಪಸ್ ಬಾ ಎಂದು ಕೇಳುವ ಬಾಯಿ ನನಗಿಲ್ಲ. ಕೇಳುವುದು ಎರಡೇ ಅಂಕಿ. ಈ ಲಕೋಟೆಯಲ್ಲಿ ನನ್ನ ಟೇಪು ಇಟ್ಟಿದ್ದೇನೆ. ಅಕ್ಕನ ಕೈಯಲ್ಲಿ ಬಲತೋಳು ಅಳೆಸು. ನಿನ್ನ ಆ ಕತ್ತೆ, ಅದೇ ನಾಲ್ಕು ಸಲ ಒದೆಯದೆ ಹೊರಡದ ಬೈಕು, ಅದರ ಮೇಲೆ ಕೂತು ಹ್ಯಾಂಡಲ್ ಹಿಡಿದಾಗ ಅಳೆಯಲಿ. ಭುಜದಿಂದ ಮೊಣಕೈವರೆಗೆ ಎಷ್ಟು, ಮೊಣಕೈ ಸುತ್ತ ಎಷ್ಟು. ಕಾಗದ ಬರೆಯಲು ಮನಸ್ಸಿಲ್ಲದಿದ್ದರೆ ಬೇಡ, ಚೀಟಿಯಲ್ಲಿ ಅಂಕಿ ಮಾತ್ರ ಬರೆದು ಟೇಪಿಗೆ ಸುತ್ತಿ ಕಳಿಸು. ತಪ್ಪು ಅಳತೆಯ ಅಂಗಿ ಕಳಿಸಿ ಎರಡನೇ ಸಲ ನಿನ್ನನ್ನು ರಸ್ತೆಗೆ ಬಿಡಲಾರೆ. ಅಂಗಡಿಯಾಕೆ ಎರಡು ಸೈಜನ್ನೂ ತೆಗೆದಿಟ್ಟಿದ್ದಾಳೆ. ಇದರಲ್ಲಿ ನನ್ನ ಒಂದು ಹೊಲಿಗೆಯೂ ಇಲ್ಲ, ನಿಶ್ಚಿಂತೆಯಿಂದ ಹಾಕಿಕೋ.

ಇಂತಿ ನಿನ್ನ,
‘ರೀ’

ತಾ.ಕ.: ನಾಳೆ ಹತ್ತು ಗಂಟೆಗೆ ರಾಕ್ಷಸರಾಜನ ಮೊದಲ ತಾಲೀಮು. ಇಪ್ಪತ್ತೆರಡು ಜನರೂ ಇರುತ್ತಾರೆ, ಜಾಕೆಟ್ಟನ್ನು ಒಳಮೈ ಹೊರಗೆ ಮಾಡಿ ಅವರೆದುರು ಮೇಜಿನ ಮೇಲೆ ಹರಡುತ್ತೇನೆ. ಆದರೆ ಅದಕ್ಕೂ ಮೊದಲು, ಬೆಳಿಗ್ಗೆ ಎಂಟಕ್ಕೆ, ನೀನು ಮಲಗಿದ್ದ ವಾರ್ಡಿಗೆ ಹೋಗುತ್ತೇನೆ. ನಿನ್ನ ಮೈಯಿಂದ ಅದನ್ನು ಬಿಚ್ಚಿ ಚೀಲಕ್ಕೆ ಹಾಕಿದ್ದು ಅಲ್ಲಿನ ಹೆಡ್ ಸಿಸ್ಟರ್ ಅಲ್ಲವೇ? ನಾನು ಕೂಗುವಾಗ ಆಕೆ ನನ್ನನ್ನು ಒಂದು ಥರ ನೋಡಿದ್ದರು, ಅದು ಈಗ ಅರ್ಥವಾಗಿದೆ. ಆ ಹದಿನೆಂಟು ಮಂಚಗಳಲ್ಲಿ ಈಗ ಬೇರೆ ಯಾರೋ ಮಲಗಿರುತ್ತಾರೆ. ಆದರೂ ಅದೇ ಜಾಗದಲ್ಲಿ, ಬಣ್ಣವಿಲ್ಲದ ಮುಖದಲ್ಲಿ ನಿಂತು, ಆಕೆಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿ ಬರುತ್ತೇನೆ: ‘ಅವಳು ಹಾಕ್ಕೊಂಡಿದ್ದಳು.’