ಹಿಂದಿನ ಸೀಟು

ಮಂಗಳವಾರ, ಜೂನ್ ೯
ಅಂಗಡಿಯಿಂದ, ಮಧ್ಯಾಹ್ನ

ಮೋಟರ್‌ಸೈಕಲ್ಲಿನ ಯಜಮಾನರಿಗೆ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಬೈಗುಳ ಇದೆ, ಕೂತು ಓದಿ.

ನಿಮ್ಮ ಸೀಟು ನನ್ನ ಮೇಜಿನ ಮೇಲೆ ಅಂಗಾತ ಬಿದ್ದಿದೆ. ಶನಿವಾರ ಬೋಲ್ಟು ಹುಡುಗ ತಂದು ಹಾಕಿದ. ಅದೇ, ನಿಮ್ಮ ಮೆಕ್ಯಾನಿಕ್ಕು. "ಅಕ್ಕಾ, ಹಿಂದಿನ ಭಾಗ ಕತ್ತರಿಸಿ ಒಂಟಿ ಸೀಟು ಮಾಡ್ಬೇಕಂತೆ. ಅಲ್ಲಿ ಡಬ್ಬಿ ಕೂರಿಸ್ತಾರಂತೆ" ಅಂದ. ಯಾರ ಗಾಡಿಯೋ ಎಂದೆ. "ಯಾರೋ ಹಿರೀರದು" ಅಂದ. ಸೀಟನ್ನು ಮಗುಚಿ ನೋಡಿದೆ. ಅಂಚಿಗೆ ಜೋಡಿ ಹೊಲಿಗೆ, ಕೊನೆಯ ಗಂಟು ಒಳಗೆ ಮಡಚಿದ್ದು. ನನ್ನ ಕೈಗೆಲಸ ನನಗೆ ಗೊತ್ತಾಗದೆ ಪಕ್ಕದ ಮನೆಯವಳಿಗೆ ಗೊತ್ತಾಗುತ್ತದೆಯೇ? "ಲೋ, ಇನ್ನೊಂದು ಸುಳ್ಳು ಹೇಳಿದ್ರೆ ದಬ್ಬಳ ತಗೊಂಡು ಬಾಯಿ ಹೊಲಿದ್ಬಿಡ್ತೀನಿ" ಎಂದೆ. ಆಗ ಬಾಯಿಬಿಟ್ಟ. "ಅವ್ರೇ ಕಳ್ಸಿದ್ದು ಅಕ್ಕಾ. ಅಲ್ಲಿಗೇ ತಗೊಂಡ್ಹೋಗು, ನನ್ನ ಹೆಸರು ಮಾತ್ರ ಎತ್ಬೇಡ ಅಂದ್ರು."

ಬೇರೆಯಾಗಿ ಹನ್ನೊಂದು ವರ್ಷ ಆದಮೇಲೆ ಗಂಡನಾದವನು ಹೆಂಡತಿಗೆ ಏನು ಕಳಿಸಿದ ಎಂದರೆ ಇದು. ಅದೂ ಕತ್ತರಿಸು ಅಂತ.

ಪಿನ್ನು ಕಿತ್ತು ರೆಕ್ಸಿನ್ ಬಿಚ್ಚಿದೆ. ಮುಂದಿನ ಸ್ಪಂಜು ಎಡಕ್ಕೆ ಕುಸಿದಿದೆ. ಬಲ ಸೊಂಟ ನೋಯುತ್ತಿದೆ, ಭಾರವನ್ನೆಲ್ಲ ಎಡಕ್ಕೆ ಬಿಡುತ್ತಿದ್ದೀರಿ. ಒಂದು ಬೆರಳು ಆಳ ಇದೆ, ವರ್ಷವೇ ಆಗಿರಬೇಕು. ಹಿಂದಿನ ಸೀಟಿನ ಮೇಲೆ ರೆಕ್ಸಿನ್ ತರಚಿ ಹೋಗಿದೆ, ಚಪ್ಪಲಿಯ ಹಿಮ್ಮಡಿ ಉಜ್ಜಿದ ಗೆರೆ ಒಂದರ ಮೇಲೊಂದು. ಕಾಲೆತ್ತಿ ಆಚೆ ಹಾಕಲು ಆಗುತ್ತಿಲ್ಲ. ಅದಕ್ಕೇ ಹಿಂದಿನದು ಬೇಡವಾಗಿದೆ. ಅದನ್ನು ಹೇಳಲು ನಾಚಿಕೆ, ಡಬ್ಬಿಯಂತೆ ಡಬ್ಬಿ! ಸೀಟಿಗಿಂತ ಡಬ್ಬಿ ಎತ್ತರ ಇರುತ್ತದೆ ಪುಣ್ಯಾತ್ಮರೇ, ಆಗ ಏಣಿ ಹಾಕಿ ಹತ್ತುತ್ತೀರಾ?

ಹಿಂದಿನ ಸ್ಪಂಜು ಮಾತ್ರ ಹೊಸದರ ಹಾಗೆ ಉಬ್ಬಿ ಕೂತಿದೆ. ಯಾರೂ ಕೂತಿಲ್ಲ. ಅದರ ಕೆಳಗೆ ನನ್ನ ಬೆನ್ನುನೋವಿಗೆಂದು ನಾನೇ ಸೇರಿಸಿದ್ದ ಹಳೆ ಸ್ವೆಟರಿನ ತುಂಡು ಹಾಗೇ ಇದೆ. ಅದರ ಮೇಲೆ ಅಂಗೈ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ. ಸ್ಪಂಜು ಗಟ್ಟಿ ಇದೆಯೋ ಇಲ್ಲವೋ ನೋಡುತ್ತಿದ್ದೆ, ನೀವು ಬೇರೆ ಏನೂ ಅಂದುಕೊಳ್ಳಬೇಡಿ.

ಈಗ ನನ್ನ ಮಾತು ಕೇಳಿ. ಆ ಗಾಡಿ ಬಿಟ್ಟು ಒಂದು ಮ್ಯಾಕ್ಸಿ ಸ್ಕೂಟರ್ ತಗೊಳ್ಳಿ. ನಾಲ್ಕು ವರ್ಷದಿಂದ ನನ್ನ ಹತ್ತಿರ ಇದೆ. "ಚಕ್ರ ಹಾಕಿದ ಸೋಫಾ" ಎಂದು ನೀವು ನಕ್ಕಿರಂತೆ, ಬೋಲ್ಟು ಅದನ್ನೂ ಬಂದು ಹೇಳಿದ. ನಗಿ. ಸೋಫಾದ ಮೇಲೆ ಕೂತವರಿಗೆ ಸೊಂಟ ನೋಯುವುದಿಲ್ಲ. ಕಾಲನ್ನು ಹಿಂದಿನಿಂದ ಎತ್ತಿ ಹಾಕುವ ಕುಸ್ತಿ ಇಲ್ಲ, ಮುಂದಿನಿಂದಲೇ ದಾಟಿಸಿದರೆ ಆಯಿತು, ಹೊಸಿಲು ದಾಟಿದ ಹಾಗೆ. ಕಿಕ್ಕಿಲ್ಲ, ಕ್ಲಚ್ಚಿಲ್ಲ. ಬಟನ್ ಒತ್ತಿ ಕೈ ತಿರುಗಿಸಿದರೆ ಹೊರಟಿತು. ಎರಡೂ ಕಾಲು ಮುಂದಕ್ಕೆ ಚಾಚಿಕೊಂಡು ಹೋಗುತ್ತೇನೆ. ಮುಂದೆ ಅಗಲವಾದ ಗಾಜು ಇದೆ, ಗಾಳಿ ತಲೆ ಮೇಲಿಂದ ಹಾರಿ ಹೋಗುತ್ತದೆ. ಮಳೆ ಬಂದರೆ ಮೊಣಕಾಲು ಒದ್ದೆಯಾಗುವುದಿಲ್ಲ. ಸೀಟು ಎತ್ತಿದರೆ ಕೆಳಗೆ ಒಂದು ಪೆಟ್ಟಿಗೆಯಷ್ಟು ಜಾಗ. ಹೆಲ್ಮೆಟ್ಟು, ದಾರದ ಉಂಡೆ, ಕತ್ತರಿ, ಎರಡು ಕೇಜಿ ಈರುಳ್ಳಿ, ಎಲ್ಲ ಹಿಡಿಯುತ್ತದೆ. ನಿಮ್ಮ ಗಾಡಿಯಲ್ಲಿ ಈರುಳ್ಳಿ ನನ್ನ ಮಡಿಲಲ್ಲಿ ಬರುತ್ತಿತ್ತು.

ಆದರೂ ಇದ್ದದ್ದು ಇದ್ದ ಹಾಗೆ ಹೇಳಬೇಕು. ತಿರುವಿನಲ್ಲಿ ನಿಮ್ಮ ಗಾಡಿ ವಾಲಿದಾಗ ನನ್ನ ಹೊಟ್ಟೆಯೊಳಗೂ ಏನೋ ಒಂದು ವಾಲುತ್ತಿತ್ತು. ಈ ಸ್ಕೂಟರಿನಲ್ಲಿ ಅದಿಲ್ಲ. ಹಸುವಿನ ಹಾಗೆ ಹೋಗುತ್ತದೆ, ಹಸುವಿನ ಹಾಗೆ ಬರುತ್ತದೆ. ನೀವು ಗೇರು ಬದಲಾಯಿಸಿದಾಗಲೆಲ್ಲ ನನ್ನ ಹೆಲ್ಮೆಟ್ಟು ನಿಮ್ಮದಕ್ಕೆ ಟಕ್ಕೆಂದು ಬಡಿಯುತ್ತಿತ್ತು. ಪ್ರತಿ ಸಲವೂ "ಬಾಗ್ಲು ತೆಗ್ದೇ ಇದೆ, ಒಳಗ್ ಬನ್ನಿ" ಅನ್ನುತ್ತಿದ್ದಿರಿ. ಇಪ್ಪತ್ತಾರು ವರ್ಷ ಅದೇ ಜೋಕು. ಮೂರನೇ ವರ್ಷಕ್ಕೇ ನನಗೆ ಸಾಕಾಗಿತ್ತು. ಈಗ ಗೇರೂ ಇಲ್ಲ, ಬಡಿಯಲು ಮುಂದೆ ತಲೆಯೂ ಇಲ್ಲ. ನಿಮ್ಮ ಸೈಲೆನ್ಸರು ಸುಟ್ಟ ಗುರುತು ಬಲ ಮೀನಖಂಡದ ಮೇಲೆ ಇನ್ನೂ ಇದೆ. ಸ್ನಾನ ಮಾಡುವಾಗ ಕೈಗೆ ಸಿಗುತ್ತದೆ.

ಇಷ್ಟು ಬರೆದಮೇಲೆ ಆವತ್ತಿನದನ್ನು ಬಿಟ್ಟು ಮುಂದೆ ಹೋದರೆ ಕಳ್ಳ ಹೊಲಿಗೆ ಹಾಕಿದ ಹಾಗಾಗುತ್ತದೆ.

ಮಗಳ ಹೊಸ ಮನೆಗೆ ಹೊರಟಿದ್ದೆವು. ದಾರಿಯಲ್ಲಿ ಪೆಟ್ರೋಲ್ ಹಾಕಿಸಿದಿರಿ. ನಾನು ಹತ್ತಿ ಕೂತು ನಿಮ್ಮ ಭುಜದ ಮೇಲೆ ಎರಡು ಸಲ ತಟ್ಟಬೇಕು, ತಟ್ಟಿದಮೇಲೆ ನೀವು ಹೊರಡಬೇಕು. ಮದುವೆಯಾದ ವಾರದಿಂದ ನಮ್ಮದು ಅದೇ ಲೆಕ್ಕ. ಆವತ್ತು ನನ್ನನ್ನು ಬಂಕಿನಲ್ಲೇ ಬಿಟ್ಟು ಹೊರಟಿರಿ. ಹತ್ತೊಂಬತ್ತು ಕಿಲೋಮೀಟರು. ಚೈನು ಬದಲಾಯಿಸಬೇಕು, ಅಳಿಯನ ಹತ್ತಿರ ಜಾಸ್ತಿ ಮಾತಾಡಬೇಡ ಎಂದೆಲ್ಲ ನನಗೆ ಬುದ್ಧಿ ಹೇಳುತ್ತ ಹೋದಿರಂತೆ. ರೈಲ್ವೆ ಗೇಟಿನ ಹತ್ತಿರ ನೀರಿನ ಬಾಟಲಿಗೆ ಕೈ ಹಿಂದಕ್ಕೆ ಚಾಚಿದಾಗ ಗೊತ್ತಾಯಿತಂತೆ, ಹೆಂಡತಿ ಇಲ್ಲ ಅಂತ.

ನಾನು ಗಾಳಿ ಹೊಡೆಯುವ ಮಿಷನ್ನಿನ ಪಕ್ಕದ ಕಟ್ಟೆಯ ಮೇಲೆ ಹೆಲ್ಮೆಟ್ಟು ಮಡಿಲಲ್ಲಿಟ್ಟುಕೊಂಡು ಒಂದು ಗಂಟೆ ಕೂತಿದ್ದೆ. ವಾಪಸ್ಸು ಬಂದವರು ಕ್ಷಮಿಸು ಅನ್ನಲಿಲ್ಲ, ನಕ್ಕಿರಿ. ಮಗಳ ಮನೆಯಲ್ಲಿ ಬೀಗರ ಮುಂದೆಯೂ ಅದೇ ಕಥೆ. "ಭಾರ ಕಮ್ಮಿಯಾಗಿ ಗಾಡಿ ಹಾರ್ಕೊಂಡ್ ಹೋಯ್ತು ನೋಡಿ" ಎಂದಿರಿ. ಬೀಗಿತ್ತಿ ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ಮೂಗಿನ ತುದಿಯಲ್ಲೇ ಕೋಪ, ನಿಮಗೆ ಗೊತ್ತು. ನಾನು ತಟ್ಟಲೇ ಇಲ್ಲ, ಹಾಗೇ ಹೊರಟರು ಎಂದೆ. ನಿಮ್ಮ ನಗು ನಿಂತಿತು. ತಟ್ಟಿದ್ದಳು, ಆಣೆ ಮಾಡಿ ಹೇಳುತ್ತೇನೆ ಎಂದಿರಿ. ಯಾರೂ ನಂಬಲಿಲ್ಲ. ಮಗಳು ನಿಮ್ಮನ್ನೇ ಬೈದಳು.

ಒಂದು ವಾರಕ್ಕೆಂದು ಈ ಅಂಗಡಿಯ ಹಿಂದಿನ ಕೋಣೆಗೆ ಬಂದೆ. ನೀವು ಒಂದೇ ಸಲ ಬಂದಿರಿ. ಬಾಗಿಲಲ್ಲೇ ನಿಂತು "ತಟ್ಟಿದ್ದೆ ಅಂತ ಒಂದ್ ಮಾತು ಹೇಳು, ಸಾಕು, ಹೋಗೋಣ" ಎಂದಿರಿ. ನಾನು ಕತ್ತರಿ ಕೈಗೆತ್ತಿಕೊಂಡು ಕೆಲಸ ಇದೆ ಎಂದೆ. ಕೆಲಸ ಇತ್ತು ಕೂಡ.

ಕೋಣೆ ಚೆನ್ನಾಗಿದೆ. ಒಂದು ಮಂಚ, ಒಂದು ಒಲೆ, ಬೀದಿ ಕಡೆಗೆ ಒಂದು ಕಿಟಕಿ. ಒಬ್ಬಳಿಗೆ ಎಷ್ಟು ಅಡಿಗೆ ಮಾಡಬೇಕು ಎಂಬುದು ಮಾತ್ರ ಈಗಲೂ ಕೈಗೆ ಬಂದಿಲ್ಲ. ಮೋಟರ್‌ಸೈಕಲ್ಲು ಹೋದರೆ ಯಾವ ಗಾಡಿ ಎಂದು ಕಿವಿಯಲ್ಲೇ ಹೇಳುತ್ತೇನೆ, ಎದ್ದು ನೋಡುವುದಿಲ್ಲ. ನಿಮ್ಮದರಂಥದೇ ಸದ್ದಿನ ಗಾಡಿ ಊರಲ್ಲಿ ಇನ್ನೂ ಮೂರು ಇವೆ.

ಸ್ಕೂಟರಿನ ಹಿಂದೆ ಕೂರುವವರಿಗೆ ಒರಗುದಿಂಬು ಇದೆ. ಮೆತ್ತಗಿದೆ, ನಾನೇ ಬಿಚ್ಚಿ ಹೊಸ ಸ್ಪಂಜು ತುಂಬಿದ್ದು. ಅದಕ್ಕೆ ಇವತ್ತಿನವರೆಗೆ ಮನುಷ್ಯರು ಒರಗಿಲ್ಲ. ರೆಕ್ಸಿನ್ನಿನ ಸುರುಳಿ ನಿಲ್ಲಿಸಿ ಹಗ್ಗ ಕಟ್ಟಿಕೊಂಡು ಬರುತ್ತೇನೆ. ಹೋದ ತಿಂಗಳು ಒಂದು ಬೆಳಿಗ್ಗೆ ಹಾಗೇ ಸೇತುವೆ ಮೇಲೆ ಬರುತ್ತಿದ್ದೆ. ಅಕಾಲದ ಮಳೆಗೆ ಹೊಳೆ ತುಂಬಿತ್ತು. "ನೋಡ್ರೀ, ನೀರು ಎಷ್ಟ್ ಬಂದಿದೆ" ಎಂದೆ. ಆಮೇಲೆ ಮಗಳು ಫೋನಿನಲ್ಲಿ ಹೇಳಿದ್ದು, ಮುರಿದು ಹೋದ ಸೂಜಿ, ಎದುರಂಗಡಿಯವನ ಜಗಳ. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಗಾಡಿಯವನು ನನ್ನನ್ನು ನೋಡಿದ, ಸುರುಳಿಯನ್ನು ನೋಡಿದ. "ಅಮ್ಮಾ, ಯಾರ್ ಜೊತೆ ಮಾತಾಡ್ತಿದೀರಿ?" "ನಿಂಗ್ಯಾಕಯ್ಯ, ಸಿಗ್ನಲ್ ನೋಡು" ಎಂದು ಗದರಿದೆ. ಹಸಿರು ಬಂತು. ನಾನು ಕೈ ತಿರುಗಿಸಲೇ ಇಲ್ಲ. ಹಿಂದಿನವರೆಲ್ಲ ಹಾರನ್ ಹೊಡೆದರು, ಆದರೂ ನಿಂತೇ ಇದ್ದೆ.

ಸೇತುವೆಯ ಆ ತುದಿಯಿಂದ ಈ ತುದಿವರೆಗೆ ನಾನೂ ಒಂದು ಸಲ ಹಿಂದೆ ತಿರುಗಿ ನೋಡಿರಲಿಲ್ಲ. ಇದ್ದಾರೆ ಎಂದುಕೊಂಡಿದ್ದೆ, ಅಷ್ಟೇ.

ಸರಿ, ಕೆಲಸದ ಮಾತು. ಮುಂದಿನ ಸ್ಪಂಜಿನ ಎಡಗಡೆಗೆ ಗಟ್ಟಿ ಪದರ ಕೂರಿಸಿದ್ದೇನೆ, ಇನ್ನು ವಾಲಿ ಕೂರಲು ಬಿಡುವುದಿಲ್ಲ. ಸೊಂಟವನ್ನು ಡಾಕ್ಟರಿಗೆ ತೋರಿಸಿ. ಬೋಲ್ಟಿಗೆ ತೋರಿಸಿ ಎಣ್ಣೆ ಹಾಕಿಸಿಕೊಳ್ಳಬೇಡಿ. ಗುರುವಾರ ಅವನನ್ನು ಕಳಿಸಿ, ಸೀಟು ಕೊಟ್ಟು ಕಳಿಸುತ್ತೇನೆ. ಈ ಕಾಗದವನ್ನು ಅಂಟು ಹಾಕಿ ಅವನ ಕೈಗೆ ಕೊಡುತ್ತೇನೆ. ಅಂಟು ಬಿಚ್ಚಿದ್ದರೆ ನನಗೆ ಹೇಳಿ, ದಬ್ಬಳ ಇಲ್ಲೇ ಇದೆ. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವಳ ಬರಹ, ತಪ್ಪಿದ್ದ ಕಡೆ ನೀವೇ ಸರಿ ಮಾಡಿಕೊಂಡು ಓದಿ.

ಇಂತಿ,
ನಿಮ್ಮ ಸೀಟು ಹೊಲಿದವಳು

ವಿ.ಸೂ.: ಗುರುವಾರ ಬೋಲ್ಟನ್ನು ಕಳಿಸಬೇಡಿ. ಹಿಂದಿನದನ್ನು ಕತ್ತರಿಸಿಲ್ಲ, ಕತ್ತರಿಸುವುದೂ ಇಲ್ಲ.

ಆವತ್ತು ನಾನು ತಟ್ಟಿದ್ದೆ. ನೆಲದ ಮೇಲೆ ನಿಂತುಕೊಂಡೇ ಎರಡು ಸಲ ತಟ್ಟಿ ಹಿಂದಕ್ಕೆ ಸರಿದೆ. ನಾನು ಕೂತಿಲ್ಲ ಎಂಬುದು ಈ ಮನುಷ್ಯನಿಗೆ ಗೊತ್ತಾಗುತ್ತದೋ ಇಲ್ಲವೋ ನೋಡೋಣ ಎಂದು. ಬಂಕಿನ ಗೇಟು ದಾಟುವುದರೊಳಗೆ ತಿರುಗುತ್ತೀರಿ ಅಂದುಕೊಂಡಿದ್ದೆ. ಮಗಳಿಗೂ ಇವತ್ತೇ ಫೋನು ಮಾಡಿ ಹೇಳುತ್ತೇನೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಸ್ಕೂಟರು ತರುತ್ತೇನೆ, ನಿಮ್ಮ ಸೀಟೂ ಅದರ ಮೇಲೇ ಬರುತ್ತದೆ. ನಿಮ್ಮ ಬಾಗಿಲ ಮೆಟ್ಟಿಲಿಗೆ ಒತ್ತಿ ನಿಲ್ಲಿಸುತ್ತೇನೆ, ಮೇಲಿನ ಮೆಟ್ಟಿಲಿಂದ ಕಾಲು ಹಾಕಿದರೆ ಸೊಂಟಕ್ಕೆ ಕಷ್ಟವಾಗುವುದಿಲ್ಲ. ಮನಸ್ಸಿದ್ದರೆ ಹೆಲ್ಮೆಟ್ಟು ಹಾಕಿಕೊಂಡು ಹೊರಗೆ ನಿಂತಿರಿ. ಹಿಂದೆ ಕೂತು, ಒರಗಿ, ಆಮೇಲೆ ಎರಡು ಸಲ ತಟ್ಟಿ. ನೀವು ತಟ್ಟಿದರೂ ನಾನು ತಿರುಗಿ ನೋಡಿಯೇ ಹೊರಡುವುದು.