ಅಪ್ಪನಿಗೆ ಮಾಡಿದ ಕುರ್ಚಿ

ಮೂಡಿಗೆರೆ
೧೦ ಮಾರ್ಚ್ ೨೦೨೪

ನನ್ನ ಮುದ್ದು ರಂಜಿತಾ,

ಹೇಗಿದ್ದೀಯೆ ಮಗಾ? ಚಳಿಗೆ ಕಿವಿ ಮುಚ್ಚಿಕೊಳ್ಳುತ್ತೀಯ ತಾನೆ? ಫೋನ್ ಮಾಡಿದರೆ ನಿಮ್ಮಪ್ಪ ಪಕ್ಕದಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡು ನಿಲ್ಲುತ್ತಾರೆ. ಅದಕ್ಕೇ ಈ ಕಾಗದ.

ಜಪಾನಿನಿಂದ ನೀನು ಅಪ್ಪನಿಗೆಂದು ಮಾಡಿ ಕಳಿಸಿದ ಕುರ್ಚಿ ಒಂದು ಗೀರೂ ಇಲ್ಲದೆ ಬಂತು. ಒಂದೇ ಒಂದು ಮೊಳೆ ಇಲ್ಲವಂತೆ! ನಿಮ್ಮಪ್ಪ ಮಗುಚಿ ನೋಡಿದರು, ಕೂಡಿಸಿದ ಜಾಗಗಳನ್ನೆಲ್ಲ ತಟ್ಟಿದರು, ಕೊನೆಗೆ ಮೂಸಿಯೂ ನೋಡಿದರು. ಅಲ್ಲಿ ದಿನಬಳಕೆಯ ಸಾಮಾನಿಗೆ ಬಡಗಿ ಹೆಸರು ಕೆತ್ತುವುದಿಲ್ಲ, ಬಳಸುತ್ತ ಬಳಸುತ್ತಲೇ ಅದಕ್ಕೆ ಚೆಂದ ಬರುತ್ತದಂತೆ ಎಂದೆ. "ನಾವೇನು ಮರಿಗೆಗೆ, ಕಡಗೋಲಿಗೆ ಹೆಸ್ರು ಕೆತ್ತಿದ್ವಾ? ಇದಕ್ಕೆ ಜಪಾನಿಗೆ ಹೋಗ್ಬೇಕಿತ್ತಾ?" ಅಂದರು. ಗೊಣಗಿದ್ದೇ ಹೊರತು ಕೈ ಕುರ್ಚಿ ಬಿಟ್ಟಿರಲಿಲ್ಲ.

ಆದರೆ ಕೂರಲಿಲ್ಲ. ನೀನು ಕೇಳಿದ್ದು ಅದೊಂದೇ. ಅಪ್ಪ ಕೂತರೆ ಬಂದು ಅವರ ಜೊತೆಯೇ ಕೆಲಸ ಮಾಡುತ್ತೇನೆ, ಇಲ್ಲದಿದ್ದರೆ ಇಲ್ಲೇ ಮರಗೆಲಸ ಕಲಿಸುವ ಗುರುಗಳ ಹತ್ತಿರ ಉಳಿಯುತ್ತೇನೆ ಅಂದಿದ್ದೀಯ. ಹಟದಲ್ಲಿ ಅಪ್ಪನಿಗೆ ತಕ್ಕ ಮಗಳು! ಉಳಿ ಹಿಡಿಯುವುದು ಹೆಣ್ಣುಮಕ್ಕಳ ಕೆಲಸವಲ್ಲ ಎಂದು ಅವರು ಶೆಡ್ಡಿನಿಂದ ಆಚೆ ಕಳಿಸಿದಾಗ ನೀನಿನ್ನೂ ಚಿಕ್ಕವಳು. ಬಾಗಿಲಾಚೆ ನೆಲದ ಮೇಲೆ ಕೂತು ಅವರನ್ನೇ ನೋಡುತ್ತಿದ್ದೆ. ಕೀಸುಳಿಯಿಂದ ಹಾರಿ ಬಂದ ಹಲಸಿನ ಮರದ ಸುರುಳಿಗಳೇ ನಿನಗೆ ಬಳೆ. ಆ ಹಳದಿ ಬಳೆ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಹೋದ ವಾರ ಎಸ್ಟೇಟಿನ ರಂಗನಾಥ ಗೌಡ್ರು ಬಾಗಿಲು ರಿಪೇರಿಗೆ ಹೇಳಲು ಬಂದವರು ಸೀದಾ ನಿನ್ನ ಕುರ್ಚಿಯ ಕಡೆ ಹೋದರು. ನಿಮ್ಮಪ್ಪ ಅಡ್ಡ ಬಂದು ಪ್ಲಾಸ್ಟಿಕ್ ಕುರ್ಚಿ ಎಳೆದಿಟ್ಟರು. "ಅದು ಬೇಡ ಗೌಡ್ರೇ, ಮಗಳು ನಂಗೆ ಮಾಡಿದ್ದು" ಅಂದರು. ಅಯ್ಯೋ, ಅಂಥ ದೊಡ್ಡವರಿಗೇ ಹಾಗನ್ನುವುದೇ! ಪುಣ್ಯಕ್ಕೆ ಗೌಡ್ರು ನಕ್ಕು ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತರು.

ಜೀಪು ಹೋದ ಮೇಲೆ ನನಗೆ ರೇಗಿತು. ಗೌಡ್ರಿಗೂ ಇಲ್ಲ, ನಿಮಗೂ ಇಲ್ಲ, ದೇವರಕೋಣೆಯಲ್ಲಿಟ್ಟು ಪೂಜೆ ಮಾಡ್ತೀರಾ ಎಂದು ಭುಜ ಹಿಡಿದು ಕೂರಿಸಿಯೇಬಿಟ್ಟೆ. ಆಗ ಗೊತ್ತಾಯಿತು ಮಗಾ. ಅವರ ಕಾಲು ನೆಲ ಮುಟ್ಟಲಿಲ್ಲ. ತಟ್ಟನೆ ಇಳಿದು ಆಚೆ ಹೋಗಿಬಿಟ್ಟರು.

ನೀನು ಅಳತೆ ಕೇಳಲೇ ಇಲ್ಲವಲ್ಲ! ನಿಮ್ಮಪ್ಪ ಯಾವತ್ತೂ ಅಷ್ಟು ಎತ್ತರದವರಲ್ಲ. ನೆಲದ ಮೇಲೆ ಕೂತು ನೋಡಿದ ನಿನಗೆ ಹಾಗೆ ಕಂಡಿದ್ದರು. ಕುರ್ಚಿಯ ಕಾಲು ಎರಡು ಬೆರಳಷ್ಟು ಕುಯ್ದರೆ ಸರಿಹೋಗುತ್ತದೆ, ಊರಿನವರ ಎಷ್ಟು ಮಂಚ, ಮೇಜಿಗೆ ಅವರೇ ಹಾಗೆ ಮಾಡಿಲ್ಲ! ಗರಗಸ ತಂದುಕೊಟ್ಟೆ. ಅದನ್ನು ವಾಪಸ್ ಗೋಡೆಗೆ ತೂಗುಹಾಕಿದರು.

ಈಗ ಏನೆಂದು ಬರೆಯಲಿ? ಕೂತರು ಎಂದರೂ ಸುಳ್ಳು, ಕೂರಲಿಲ್ಲ ಎಂದರೂ ಸುಳ್ಳು. ನಿಮ್ಮಿಬ್ಬರ ಹಟದ ನಡುವೆ ನಾನು ಬೇಯುತ್ತಿದ್ದೇನೆ. ನಿನ್ನನ್ನು ನೋಡಬೇಕು ಮಗಾ, ಅಷ್ಟೇ.

ನಿನ್ನ ದಾರಿ ಕಾಯುವ ಅವ್ವ,
ದೇವೀರಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಜಗಲಿಯಿಂದ ಸದ್ದಾಯಿತು. ಇಣುಕಿದರೆ, ಕಾಲಿಡಲು ಒಂದು ಮಣೆ ಮಾಡಿಕೊಂಡು ನಿನ್ನ ಕುರ್ಚಿಯಲ್ಲಿ ಒರಗಿ ಕೂತಿದ್ದಾರೆ! ಇಷ್ಟೆಲ್ಲ ಯಾಕೆ, ಕುರ್ಚಿಯ ಕಾಲೇ ಕುಯ್ಯಬಹುದಿತ್ತಲ್ಲ ಎಂದೆ. "ಅವ್ಳ ಕಣ್ಣಿಗೆ ನಾನು ಇಷ್ಟೆತ್ತರ ಇದ್ದೀನಿ ಕಣೇ. ಹಂಗೇ ಇರ್ಲಿ ಬಿಡು" ಅಂದರು.